ಏಳನೇ ತೂಬಿನ ಹನ್ನೊಂದನೇ ಕಾರ್ಡು

ಕೊರಟಗೆರೆ
4 ಮಾರ್ಚ್ 2024

ನಸ್ರುಲ್ಲಾ ಚಾಚಾ ಅವರಿಗೆ ಪ್ರಭುದೇವ್ ಮಾಡುವ ಸಲಾಮು.

ಫೋನಿನಲ್ಲಿ ನಾನು ಕೂಗುವುದು, ನೀವು 'ಏನು, ಏನಂದೆ' ಅನ್ನುವುದು, ಸುಟ್ಟ ಮೋಟರ್‌ಗೆ ತಂತಿ ಸುತ್ತಿಸಲು ಬಂದ ರೈತರು ಒಳಗೆ ಜಗಳ ನಡೀತಿದೆ ಅಂದುಕೊಂಡು ಅಂಗಡಿಯ ಹೊರಗೇ ನಿಲ್ಲುವುದು, ಇದೆಲ್ಲ ಸಾಕಾಯಿತು. ನಿಮ್ಮ ಕಿವಿಗಿಂತ ಕಣ್ಣು ವಾಸಿ ಅಂತ ಕಾಗದ ಬರೆಯುತ್ತಿದ್ದೇನೆ. ಇನ್ನು ಮೇಲೆ ಹೀಗೇ.

ಸುದ್ದಿ ದೊಡ್ಡದು. ನಮ್ಮ ಹಾಗೇ ಕಾಗದ ಕೂಡಿಹಾಕುವ ಆ ಪೋಲೆಂಡಿನ ಅಜ್ಜಿ ಕೊನೆಗೂ ಒಪ್ಪಿದ್ದಾಳೆ. 'ಏಳನೇ ತೂಬು' ಚಿತ್ರ ಆ ದೇಶದಲ್ಲಿ ಬಿಡುಗಡೆಯಾದಾಗ ಟಾಕೀಸಿನ ಹೊರಗೆ ಗಾಜಿನ ಪೆಟ್ಟಿಗೆಯಲ್ಲಿ ನೇತುಹಾಕಲು ಹನ್ನೆರಡು ಫೋಟೋ ಕಾರ್ಡು ಅಚ್ಚು ಮಾಡಿಸಿದ್ದರಲ್ಲ, ಅದರ ಪೂರ್ತಿ ಸೆಟ್ಟು ಕಳಿಸುತ್ತಾಳಂತೆ. ಮೂರು ವರ್ಷದಿಂದ ಬೇಡುತ್ತಿದ್ದೆ. ಬದಲಿಗೆ ಅವಳು ಕೇಳಿದ್ದು ನನ್ನ ಹತ್ತಿರವಿದ್ದ ಮಧುಗಿರಿ ಟಾಕೀಸಿನ ಹಳದಿ ಕರಪತ್ರ, ಮತ್ತೆ ಒಂದು ಮಾತು. ಸೆಟ್ಟನ್ನು ಯಾವತ್ತೂ ಒಡೆಯಬಾರದು, ಒಂದು ಕಾರ್ಡನ್ನೂ ಬೇರೆಯವರಿಗೆ ಕೊಡಬಾರದು ಅಂತ. ಮಾತು ಕೊಟ್ಟಿದ್ದೇನೆ. ಹನ್ನೆರಡೂ ಇರುವ ಸೆಟ್ಟು ಪ್ರಪಂಚದಲ್ಲಿ ಇದೊಂದೇ ಉಳಿದಿರುವುದಂತೆ.

ನೆನೆಸಿಕೊಂಡರೆ ನಗು ಬರುತ್ತದೆ ಚಾಚಾ. ಮಧುಗಿರಿಯಲ್ಲಿ ಎರಡನೇ ದಿನಕ್ಕೇ ಜನ ಕುರ್ಚಿಯ ಸೀಟು ಹರಿದು ಎದ್ದುಬಂದ ಚಿತ್ರ. ನಮ್ಮಲ್ಲಿ ಒಂದು ಪ್ರಿಂಟೂ ಉಳಿದಿಲ್ಲ. ಅಲ್ಲಿ ನೋಡಿದರೆ ಹುಡುಗರು ಅದರ ಚಿತ್ರ ಇರುವ ಅಂಗಿ ತೊಟ್ಟುಕೊಂಡು ತಿರುಗುತ್ತಾರೆ, ಜಪಾನಿನವರು ವರ್ಷಕ್ಕೊಮ್ಮೆ ಸೇರಿ ಕೊನೆಯ ದೃಶ್ಯಕ್ಕೆ ಎದ್ದು ನಿಲ್ಲುತ್ತಾರೆ. ಕಂಬಳಿ ಹೊದ್ದ ನೀರಗಂಟಿ ಬೆನ್ನು ತಿರುಗಿಸಿ ಕೆರೆಯೊಳಕ್ಕೆ ನಡೆದು ಮುಳುಗಿಹೋಗುವ ದೃಶ್ಯ. ಆ ನೀರಗಂಟಿ ನಮ್ಮಪ್ಪ ಬಸವಲಿಂಗಯ್ಯ ಅಂತ ಅವರಿಗೇನು ಗೊತ್ತು. ಶೂಟಿಂಗ್ ಮುಗಿದ ದಿನವೇ ಅದೇ ಮದಲೂರು ಕೆರೆಯಲ್ಲಿ ನಿಜವಾಗಿ ಮುಳುಗಿ, ನಾಲ್ಕು ದಿನಕ್ಕೆ ತೇಲಿದರು ಅಂತ ಏನು ಗೊತ್ತು. ಆಗ ನನಗೆ ಆರು ವರ್ಷ. ಇರುವುದು ಮದುವೆಯ ಫೋಟೋ ಒಂದೇ. ಅಪ್ಪನ ಮುಖಕ್ಕಾಗಿ ನಾನು ಊರೂರು ದೇಶದೇಶಕ್ಕೆ ಬರೆಯುತ್ತೇನೆ.

ನಿಮಗೇನು ಚಟ, ಏಳು ವರ್ಷವಾದರೂ ಹೇಳಲಿಲ್ಲ. ತುಮಕೂರಿನ ಗುಜರಿಯಲ್ಲಿ ಆ ಜಪಾನಿ ಕರಪತ್ರದ ಒಂದು ತುದಿ ನೀವು, ಒಂದು ತುದಿ ನಾನು ಹಿಡಿದು ಎಳೆದಾಡಿದ ದಿನದಿಂದ ಕೇಳುತ್ತಿದ್ದೇನೆ. ನಿಮ್ಮ ಟ್ರಂಕಿನ ಹಂಗೇರಿ ಪುಸ್ತಿಕೆಯನ್ನಾದರೂ ಒಮ್ಮೆ ತೋರಿಸಬಾರದೆ?

ಅಮ್ಮ ಜಗದಾಂಬ ಚೆನ್ನಾಗಿದ್ದಾಳೆ. ಈ ಕಾಗದಗಳ ಕಡೆ ಮಾತ್ರ ಕಣ್ಣೆತ್ತಿ ನೋಡುವುದಿಲ್ಲ.

ನಿಮ್ಮ ಎದುರಾಳಿ,
ಪ್ರಭುದೇವ್


ಸಿರಾ
15 ಮಾರ್ಚ್ 2024

ಪ್ರಭು,

ಎದುರಾಳಿಯಂತೆ. ನನ್ನ ಹತ್ತಿರ ಎರಡು ದೇಶದ ಪೋಸ್ಟರು, ಒಂದು ಪುಸ್ತಿಕೆ, ಎಂಟು ಕರಪತ್ರ ಇವೆ. ನೀನು ನಿನ್ನೆ ಮೊನ್ನೆ ಹುಟ್ಟಿದವನು. ಹನ್ನೆರಡು ಕಾರ್ಡು ಬಂತು ಅಂತ ಕೊಂಬು ಬಂದಿದೆ ನಿನಗೆ.

ಪುಸ್ತಿಕೆ ಕೊಡುವುದಿಲ್ಲ. ಕೊಟ್ಟ ವಸ್ತು ವಾಪಸು ಬಂದದ್ದನ್ನು ನಾನು ಅರವತ್ತೆಂಟು ವರ್ಷದಲ್ಲಿ ಕಂಡಿಲ್ಲ. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅದರ ಮೇಲೆ ನನ್ನ ಶೇರ್ವಾನಿ ಇಟ್ಟು ಬೀಗ ಹಾಕಿದ್ದೇನೆ. ಬಾಯಿ ಚಪಲ ಮಾಡಬೇಡ.

ಚಟ ಯಾಕೆ ಅಂತ ಕೇಳಿದ್ದೀಯ. ಇವತ್ತು ಹೇಳಿಬಿಡುತ್ತೇನೆ, ಎದುರಿಗೆ ಕೂತಿದ್ದರೆ ಹೇಳುತ್ತಿರಲಿಲ್ಲ. ನನಗೊಬ್ಬ ಅಣ್ಣ ಇದ್ದ, ಉಮರ್. ಬಾವಿಗೆ ಬಿದ್ದ ಕೊಡ, ಹಗ್ಗ, ಒಡವೆ ಮುಳುಗಿ ತೆಗೆಯುವುದು ಅವನ ಕೆಲಸ. ಸಿರಾದಿಂದ ತಾವರೆಕೆರೆವರೆಗೆ ಯಾರ ಬಾವಿಗೆ ಏನು ಬಿದ್ದರೂ ಇವನನ್ನೇ ಕರೆಯುತ್ತಿದ್ದರು. ಮೀನಿನ ಹೊಟ್ಟೆಯಲ್ಲಿ ಹುಟ್ಟಬೇಕಿತ್ತು ಕಣೋ ಅನ್ನುತ್ತಿದ್ದಳು ಅಮ್ಮ. ಆ ಶೂಟಿಂಗ್‌ನವರು ಬಂದಾಗ ನೀರಿನ ಕೆಲಸಕ್ಕೆ ಅಂತ ಹೋದ. ಹನ್ನೆರಡು ದಿನ ಹೋದ. ಹದಿಮೂರನೇ ದಿನ ಹೋದವನು ತಿರುಗಿ ಬರಲಿಲ್ಲ. ನಾನು ಆಗ ದಾವಣಗೆರೆಯಲ್ಲಿ ಸಿನಿಮಾ ಬ್ಯಾನರ್ ಬರೆಯುತ್ತಿದ್ದೆ. ಓಡಿಬಂದು ವಿಚಾರಿಸಿದರೆ ಮದಲೂರಿನವರೆಲ್ಲ ಹೇಳಿದ್ದು ಒಂದೇ. ಆವತ್ತು ಸಂಜೆ ಶೂಟಿಂಗ್ ಲಾರಿ ಹೊರಟಾಗ ಈ ಕಡೆಯ ಒಬ್ಬ ಗಂಡಸು ಅದರಲ್ಲಿ ಹತ್ತಿ ಹೋದ ಅಂತ. ಮುಖ ಯಾರೂ ಸರಿಯಾಗಿ ನೋಡಿಲ್ಲ. ಇನ್ನು ಯಾರು? ನಿನ್ನ ಅಪ್ಪ ಕೆರೆಯಲ್ಲಿ ಸಿಕ್ಕಿದರು. ಕಾಣೆಯಾದವನು ನಮ್ಮವನೊಬ್ಬನೇ.

ಹೆಂಡತಿಗೆ ಏಳು ತಿಂಗಳು ತುಂಬಿತ್ತು. ಅಫ್ಜಲುನ್ನೀಸಾ ಭಾಭಿ ಇವತ್ತಿಗೂ ಕೊರಳಲ್ಲಿ ಲಚ್ಚಾ, ಅಂದರೆ ನಮ್ಮ ಕರಿಮಣಿ, ತೆಗೆದಿಲ್ಲ. ಬಾಗಿಲ ಒಳಚಿಲಕ ಹಾಕಲು ಬಿಡುವುದಿಲ್ಲ. 'ಆಯೇಂಗೆ', ಬಂದೇ ಬರುತ್ತಾರೆ, ಅನ್ನುತ್ತಾಳೆ. ಓಡಿಹೋದವನ ಮಗಳು ಅಂತ ಅವಳ ಮಗಳಿಗೆ ಎಷ್ಟು ಗಂಡು ತಪ್ಪಿದವು, ಲೆಕ್ಕವಿಲ್ಲ. ನಾನು ಆ ಮನೆಯಲ್ಲಿ ಅವನ ಹೆಸರು ಎತ್ತದಂತೆ ಮಾಡಿದೆ. ಎತ್ತಿದಾಗೆಲ್ಲ ಬಾಯಿಗೆ ಬಂದಂತೆ ಬೈದಿದ್ದೇನೆ.

ಅದಕ್ಕೇ ಕಾಗದ ಕೂಡಿಹಾಕುತ್ತೇನೆ. ಚಿತ್ರದವರ ಹಿಂದೆ ಹೋದವನು ಯಾವುದಾದರೂ ದೇಶದ ಯಾವುದಾದರೂ ಫೋಟೋದ ಮೂಲೆಯಲ್ಲಿ ನಿಂತಿರಬೇಕು. ಭೂತಗನ್ನಡಿ ಹಿಡಿದು ಹುಡುಕುತ್ತೇನೆ. ಸಿಕ್ಕಿದರೆ ಆ ಮುಖಕ್ಕೆ ಉಗಿಯಬೇಕು ಅಂತ. ನಿನ್ನ ಅಪ್ಪ ಸತ್ತ, ಪುಣ್ಯವಂತ. ನಮ್ಮವನು ಬದುಕಿಕೊಂಡು ನಮ್ಮನ್ನು ಸಾಯಿಸಿದ.

ಕಾರ್ಡು ಬಂದ ತಕ್ಷಣ ಬರೆ.

ನಸ್ರುಲ್ಲಾ


ಕೊರಟಗೆರೆ
2 ಜೂನ್ 2024

ಚಾಚಾ,

ಕಾರ್ಡುಗಳು ಬಂದು ಆರು ದಿನವಾಯಿತು. ಬರೆಯಲು ಕೂತು ಮೂರು ಸಲ ಎದ್ದಿದ್ದೇನೆ.

ಹತ್ತು ಕಾರ್ಡುಗಳಲ್ಲಿ ನಮಗೆ ಗೊತ್ತಿರುವುದೇ ಇದೆ. ಮಧುಗಿರಿ ಬೆಟ್ಟದ ಬಂಡೆ, ತೂಬಿನ ಬಾಗಿಲು, ಅಪ್ಪ ಸುಳ್ಳು ಗಡ್ಡ ಅಂಟಿಸಿಕೊಂಡು ನೀರು ನೋಡುವುದು. ಹನ್ನೆರಡನೆಯದು ಬರೀ ನೀರು. ಹನ್ನೊಂದನೆಯದರ ಕಲರ್ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ. ಹಿಂದೆ ಒಂದು ಸಾಲು ಅಚ್ಚಾಗಿದೆ. ಪೋಲೆಂಡಿನ ಅಜ್ಜಿ ಅರ್ಥ ಬರೆದು ಕಳಿಸಿದಳು: 'ಕೊನೆಯ ದೃಶ್ಯಕ್ಕೆ ನೀರಿಗಿಳಿಯುವ ಮುನ್ನ.'

ನೀರಗಂಟಿಯ ಕಂಬಳಿ, ನೀರಗಂಟಿಯ ಪಂಚೆ. ಗಡ್ಡ ಇಲ್ಲ. ಕೆರೆಯ ಏರಿಯ ಮೇಲೆ ನಿಂತು ಕಂಬಳಿಯನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಗುತ್ತಿದ್ದಾನೆ. ನಮ್ಮಪ್ಪನಲ್ಲ. ಹಿಂದಿನಿಂದ ತೆಗೆಯುವ ಷಾಟಾದ್ದರಿಂದ ಬೇರೆಯವನನ್ನು ನಿಲ್ಲಿಸಿದ್ದಾರೆ, ಅದು ಸರಿ. ಅಪ್ಪನಿಗೆ ಈಜು ಬರುತ್ತಿರಲಿಲ್ಲವಂತೆ.

ಎದೆ ನೋಡಿ ಚಾಚಾ. ಅವನ ಎದೆಯ ಮೇಲೆ ಶಿವದಾರ, ಅದರಲ್ಲಿ ಲಿಂಗ ಇಡುವ ಬೆಳ್ಳಿಯ ಕರಡಿಗೆ. ಮುಚ್ಚಳದ ಎಡಗಡೆ ನಜ್ಜು, ಬಲಗಡೆ ಅರ್ಧ ಕಡಲೆಯಷ್ಟು ತಾಮ್ರದ ತೇಪೆ. ನಮ್ಮ ತಾತನ ಕಾಲದಲ್ಲಿ ಅಕ್ಕಸಾಲಿ ಬೆಳ್ಳಿ ಸಾಲದೆ ಹಾಕಿದ್ದು. ಅಂಥದ್ದು ಇನ್ನೊಂದಿಲ್ಲ. ಯಾಕೆಂದರೆ ಆ ಕರಡಿಗೆ ಈಗ ನನ್ನ ಎದೆಯ ಮೇಲಿದೆ. ಕಾರ್ಡು ನೋಡಿದಾಗ ಕೈ ತಾನಾಗಿ ಅಂಗಿಯೊಳಕ್ಕೆ ಹೋಯಿತು.

ನಿಮಗೆ ನಮ್ಮ ಪದ್ಧತಿ ಗೊತ್ತು. ಇಷ್ಟಲಿಂಗವನ್ನು ಮೈಮೇಲಿಂದ ತೆಗೆಯುವಂತಿಲ್ಲ, ಸತ್ತ ಮೇಲೂ. ಕೆರೆಯಲ್ಲಿ ಸಿಕ್ಕ ಹೆಣದ ಮುಖ ಮೀನು ತಿಂದಿತ್ತು. ಗುರುತು ಹಿಡಿದದ್ದು ಈ ಕರಡಿಗೆಯಿಂದಲೇ. ಇದನ್ನು ಕಂಡ ಮೇಲೆ ಯಾರೂ ಬೇರೆ ಗುರುತು ಕೇಳಲಿಲ್ಲವಂತೆ. ಒಳಗೆ ಲಿಂಗ ಇರಲಿಲ್ಲ, ನೀರಿಗೆ ಜಾರಿದೆ ಅಂದುಕೊಂಡು ಮಠದ ಅಯ್ಯನವರು ಹೊಸದೊಂದನ್ನು ಅಂಗೈಯಲ್ಲಿಟ್ಟು ಸಮಾಧಿ ಮಾಡಿದರು. ಕರಡಿಗೆ ನನಗೆ ಉಳಿಯಿತು.

ಇವನು ಯಾರು? ನಿಮಗೆ ಆ ಕಡೆಯವರೆಲ್ಲ ಗೊತ್ತು. ನೀರಿಗಿಳಿಯುವಾಗ ಕರಡಿಗೆ ಇವನ ಎದೆಯ ಮೇಲಿದ್ದರೆ ಅದು ಅಪ್ಪನ ಎದೆಗೆ ಮತ್ತೆ ಯಾವಾಗ ಬಂತು? ಬಂದೇ ಇರಬೇಕು. ಅಲ್ಲವೆ?

ಪ್ರಭುದೇವ್


ಸಿರಾ
6 ಜೂನ್ 2024

ಪ್ರಭು,

ಅದು ನನ್ನ ಅಣ್ಣ.

ನಸ್ರುಲ್ಲಾ


ಸಿರಾ
9 ಜೂನ್ 2024

ಪ್ರಭು,

ಮೊನ್ನೆ ಅಷ್ಟಕ್ಕೇ ಕೈ ನಿಂತಿತು. ನಿನ್ನ ಉತ್ತರಕ್ಕೆ ಕಾಯುವ ತಾಳ್ಮೆ ಇಲ್ಲ.

ನಲವತ್ತಮೂರು ವರ್ಷದ ಮೇಲೆ ಆ ಮುಖ ನೋಡಿದೆ. ನಮ್ಮ ಮನೆಯಲ್ಲಿ ಅವನದೊಂದು ಫೋಟೋ ಇಲ್ಲ. ಉಗಿಯಬೇಕು ಅಂದಿದ್ದೆನಲ್ಲ. ನಗುತ್ತಿದ್ದಾನೆ. ಮುಂದಿನ ಹಲ್ಲಿನ ಮುರುಕೂ ಹಾಗೇ ಇದೆ, ಚಿಕ್ಕಂದಿನಲ್ಲಿ ನಾನೇ ಗೋಲಿಯಲ್ಲಿ ಹೊಡೆದು ಮುರಿದದ್ದು.

ನೀನು ಕೇಳಿದ ಪ್ರಶ್ನೆಯನ್ನು ನಾನು ಪೂರ್ತಿ ಮಾಡುವುದಿಲ್ಲ. ನಿನಗೂ ಗೊತ್ತಾಗಿದೆ, ಬರೆಯಲು ಹೆದರಿದ್ದೀಯ. ಈ ಕಾಗದದ ಜೊತೆ ಹಂಗೇರಿ ಪುಸ್ತಿಕೆ ಇದೆ. ಹೌದು, ಕಳಿಸುತ್ತಿದ್ದೇನೆ. ಶೂಟಿಂಗ್ ಮುಗಿದ ಎರಡು ವರ್ಷಕ್ಕೆ ಅಲ್ಲಿಯ ಪತ್ರಿಕೆಯವರಿಗೆ ಹಂಚಲು ಅಚ್ಚು ಹಾಕಿಸಿದ್ದು. ನಾಲ್ಕನೇ ಪುಟದಲ್ಲಿ ಇಲ್ಲಿಂದ ಹೋದವರ ಗುಂಪು ಫೋಟೋ ಇದೆ, ಒಂಬತ್ತು ಜನ. ನಾನು ಅದರಲ್ಲಿ ಉಮರ್‌ನ ಮುಖ ನೂರು ಸಲ ಹುಡುಕಿದ್ದೇನೆ. ಇರಲಿಲ್ಲ ಅಂತ ಮುಚ್ಚಿಟ್ಟೆ. ನನಗೆ ಬೇಕಾದ ಮುಖ ಬಿಟ್ಟು ಬೇರೆ ಮುಖ ನೋಡುವ ಬುದ್ಧಿ ಬರಲಿಲ್ಲ. ನಿನಗೆ ತೋರಿಸುವ ಮನಸ್ಸೂ ಬರಲಿಲ್ಲ. ಏಳು ವರ್ಷ ಶೇರ್ವಾನಿ ಕೆಳಗೆ ಇಟ್ಟುಕೊಂಡು ಕೂತೆ, ಥೂ ನನ್ನ.

ನಿನ್ನ ಅಪ್ಪನ ಮುಖ ನಿನಗೆ ಗೊತ್ತು. ನೋಡು.

ನಸ್ರುಲ್ಲಾ


ಕೊರಟಗೆರೆ
1 ಜುಲೈ 2024

ಚಾಚಾ,

ಎಡಗಡೆಯಿಂದ ಮೂರನೆಯವರು. ನಿರ್ದೇಶಕರ ಪಕ್ಕ, ಕೈಯಲ್ಲಿ ಅವರ ಚೀಲ. ಮೈಮೇಲೆ ಮೊಣಕಾಲುದ್ದದ ಕೋಟು, ಕಾಲ ಬುಡದಲ್ಲಿ ಹಿಮ. ಗಡ್ಡ ಇಲ್ಲ. ದಿನಾ ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಕಾಣುವ ಮುಖ, ನಂದೇ ಮುಖ. ಕೆಳಗೆ 'ಸಹಾಯಕ' ಅಂತಷ್ಟೇ ಇದೆಯಂತೆ, ಹೆಸರಿಲ್ಲ.

ಅಂಗಡಿಯಲ್ಲಿ ಒಬ್ಬನೇ ಕೂತು ನೋಡಿದೆ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ಯಾರೋ ಬಂದು ಭುಜ ಅಲ್ಲಾಡಿಸಿದರು. ನಾನು ಆರು ವರ್ಷದವನಿದ್ದಾಗ ಈ ಕೈಯಿಂದಲೇ ಮಣ್ಣು ಹಾಕಿದ್ದೇನೆ ಚಾಚಾ. ಆಮೇಲೆ ಎರಡು ವರ್ಷಕ್ಕೆ ಈ ಮನುಷ್ಯ ಹಿಮದಲ್ಲಿ ನಿಂತು ಫೋಟೋ ತೆಗೆಸಿಕೊಂಡಿದ್ದಾನೆ.

ಆದರೂ ಮನಸ್ಸು ಕೇಳಲಿಲ್ಲ. ಆವತ್ತಿನ ಲಾರಿ ಡ್ರೈವರ್ ಜಯರಾಮಯ್ಯ ಪಾವಗಡದಲ್ಲಿ ಇನ್ನೂ ಇದ್ದಾರೆ ಅಂತ ಗೊತ್ತಾಗಿ ಹೋದೆ. ಎಂಬತ್ತು ದಾಟಿದೆ, ನೆನಪು ಚುರುಕು, ಮಾತು ಅರ್ಧ ತೆಲುಗು. ಕಾರ್ಡು ತೋರಿಸಿದೆ. ಕಂಡ ಕೂಡಲೆ ಕೈ ಮುಗಿದರು.

"ಈಯಪ್ಪನೇ ಸಾಮಿ, ನೀರಾಗಿಳಿದಿದ್ದು. ಕತ್ತಿನ ಹಿಂದಿನ ಶಿವದಾರ ಕ್ಯಾಮ್ರಾಕೆ ಕಾಣಬೇಕಂತ ಬಸವಲಿಂಗಯ್ಯನೋರು ತಮ್ಮ ಕರಡಿಗೇನೇ ತೆಗೆದು ಇವನ ಕುತ್ತಿಗೆಗೆ ಕಟ್ಟಿದ್ರು. ಲೋಪಲಿಂದ ಲಿಂಗ ತೆಗೆದು ಜೇಬಾಗಿಟ್ಕಂಡ್ರು. ನೀರು ಕುಡಿದ ಕಂಬಳಿ, ಬಂಡೆ ಇದ್ದಂಗೆ. ಮುಣುಗ್ದ. ಒಂದೇ ಸಲಕ್ಕೆ ಆಗೋಯ್ತು ಅಂತ ಎಲ್ಲಾ ಚಪ್ಪಾಳೆ ತಟ್ಟಿದ್ರು."

"ಮೇಲೆ ಬಂದದ್ದು ನೋಡಿದ್ರಾ?"

"ನಾನೂ ಅಡಿಗಿನಾನು. ಎಕ್ಕಡ ಆಯಪ್ಪ, ಎಲ್ಲೋದ ಅಂತ ಕೇಳ್ದೆ. ಜಂಬು ಹುಲ್ಲಿನ ಕಡೆ ಏಳ್ತೀನಿ ಅಂದಿದ್ದ, ಎದ್ದು ಮನೆಗೆ ಹೋಗಿರ್ತಾನೆ ಬುಡು ಅಂದ್ರು. ಬೆಳಕು ಹೋಗ್ತಾ ಇತ್ತು, ಎಲ್ಲಾರಿಗೂ ಸಾಮಾನು ಕಟ್ಟೋ ಅವಸರ. ನಾನು ಲಾರಿ ತೆಗೆದೆ."

"ಲಾರಿಗೆ ಹತ್ತಿದ್ದು ಯಾರು?"

"ಒಕ್ಕಡೇ, ಒಬ್ಬರೇ ಹತ್ತಿದ್ದು. ಬಸವಲಿಂಗಯ್ಯನೋರು. ಎಡಗಾಲಾಗೆ ಕಿರುಬೆರಳಿಲ್ಲ, ಕೈ ಕೊಟ್ಟು ಎಳ್ಕಂಡೆ. ಬೆಂಗಳೂರು ಗಂಟ ಜೇಬು ಗಟ್ಟಿಗಾ ಹಿಡ್ಕಂಡು ಕುಂತಿದ್ರು."

ಅಲ್ಲಿಂದ ಬಸ್ಸಿನಲ್ಲಿ ನೇರ ತಾವರೆಕೆರೆಗೆ ಹೋದೆ. ನಮ್ಮ ಹೊಲದ ಮೂಲೆಯ ಆ ಸಮಾಧಿಯ ಹತ್ತಿರ ನಿಂತೆ. ಪ್ರತಿ ಕಾರ್ತಿಕದಲ್ಲಿ ಎಡೆ ಇಟ್ಟು, ವಿಭೂತಿ ಹಚ್ಚಿ, 'ಅಪ್ಪಾ' ಅಂದಿದ್ದೇನೆ. ಈ ಸಲ ಏನಂತ ಕರೆಯಬೇಕೋ ತಿಳಿಯಲಿಲ್ಲ. ಒಳಗೆ ನಿಮ್ಮ ಅಣ್ಣ ಕೂತಿದ್ದಾರೆ. ನಮ್ಮ ಪದ್ಧತಿಯಂತೆ ಕೂರಿಸಿ, ಅಂಗೈಯಲ್ಲಿ ಲಿಂಗ ಕೊಟ್ಟು ಮುಚ್ಚಿದ್ದಾರೆ.

ಕರಡಿಗೆ ತೆಗೆದು ದೇವರ ಗೂಡಿನಲ್ಲಿಟ್ಟಿದ್ದೇನೆ. ಹಾಕಿಕೊಳ್ಳಲು ಆಗುತ್ತಿಲ್ಲ. ನಮ್ಮಪ್ಪ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ, ಹುಡುಕುವ ಮನಸ್ಸಿಲ್ಲ. ಅಮ್ಮನಿಗೆ ಹೇಳಿಲ್ಲ. ಹೇಗೆ ಹೇಳಲಿ?

ಪ್ರಭುದೇವ್


ಸಿರಾ
8 ಜುಲೈ 2024

ಪ್ರಭು,

ನಿನಗೆ ಅಮ್ಮನ ಚಿಂತೆ. ನನ್ನ ಕಥೆ ಕೇಳು.

ನನ್ನ ಅಣ್ಣ ಓಡಿಹೋಗಲಿಲ್ಲ. ಕೆಲಸ ಮಾಡುತ್ತಾ ಸತ್ತ. ಹದಿನೈದು ಮೈಲಿ ಆಚೆ ಮಣ್ಣಿನಲ್ಲಿದ್ದವನನ್ನು ನಾನು ನಲವತ್ತಮೂರು ವರ್ಷ ನಾಯಿ ಅಂದೆ, ನಮಕ್‌ಹರಾಮ್ ಅಂದೆ. ಅವನ ಮಗಳ ನಿಕಾಹ್ ದಿನ ಅಪ್ಪನ ಹೆಸರು ಹೇಳಬೇಕಾದಾಗ ಕಾಜಿಯ ಎದುರಿಗೆ ಮುಖ ತಿರುಗಿಸಿದೆ. ಅವನಿಗೆ ಒಂದು ಫಾತೆಹಾ ಓದಿಸಿಲ್ಲ. ಬದುಕಿದ್ದಾನಲ್ಲ ಹರಾಮಿ ಅಂತ. ಎದುರಿಗೆ ಯಾರಾದರೂ ಸಿಕ್ಕಿದರೆ ಹೊಡೆಯಬೇಕು ಅನ್ನಿಸುತ್ತದೆ, ಯಾರನ್ನು ಹೊಡೆಯಲಿ? ನನ್ನನ್ನೇ ಹೊಡೆದುಕೊಳ್ಳಬೇಕು.

ಭಾಭಿಗೆ ಇನ್ನೂ ಹೇಳಿಲ್ಲ. ಎಪ್ಪತ್ತು ದಾಟಿದವಳು, ಎದೆ ಗಟ್ಟಿಯಿಲ್ಲ. ಹೆಸರು ಹೇಳದೆ ಮಸೀದಿಯ ಹಜರತ್‌ರನ್ನು ಕೇಳಿದೆ. ಗಂಡ ಸತ್ತದ್ದು ಬಹಳ ವರ್ಷದ ಮೇಲೆ ಗೊತ್ತಾದರೆ ಹೆಂಗಸು ಇದ್ದತ್ ಕೂರಬೇಕೇ ಅಂತ. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟದೆ ದುಃಖಕ್ಕೆ ಕೂರುವುದು, ನಿನಗೆ ಗೊತ್ತಿರಬೇಕು. ಅವರು ಹೇಳಿದರು, ಲೆಕ್ಕ ಸತ್ತ ದಿನದಿಂದ, ತಿಳಿದ ದಿನದಿಂದಲ್ಲ. ಬಸುರಿಯಾಗಿದ್ದರೆ ಹೆರಿಗೆಗೇ ಮುಗಿಯಿತು. ಈಗ ಆಕೆ ಮಾಡಬೇಕಾದ್ದು ಏನೂ ಇಲ್ಲ. ಏನೂ ಇಲ್ಲ ಅಂತ ಅವಳಿಗೆ ಹೇಗೆ ಹೇಳುವುದು, ನೀನೇ ಹೇಳು.

ಒಂದು ಮಾತು. ಕರಡಿಗೆ ನೋಡಿ ಊರವರು ಒಪ್ಪಿದರು, ಸರಿ. ಪೊಲೀಸಿನವರು ಹೆಂಡತಿಯನ್ನೂ ಕೇಳಿರುತ್ತಾರೆ. ಏಳೆಂಟು ವರ್ಷ ಜೊತೆಯಲ್ಲಿ ಮಲಗಿ ಎದ್ದ ಹೆಂಗಸಿಗೆ ಬೆಳ್ಳಿ ಡಬ್ಬಿ ಬೇಕೇನು ಗುರುತಿಗೆ? ನಿನ್ನ ಅಮ್ಮನನ್ನು ಕೇಳು. ನೀನು ಕೇಳದಿದ್ದರೆ ನಾನು ಬಂದು ಕೇಳುತ್ತೇನೆ, ಕಿವುಡನ ಗಂಟಲು ಬೀದಿಗೆಲ್ಲ ಕೇಳಿಸುತ್ತದೆ.

ನಸ್ರುಲ್ಲಾ


ಕೊರಟಗೆರೆ
20 ಆಗಸ್ಟ್ 2024

ಚಾಚಾ,

ನಿಮ್ಮ ಕಾಗದ ಬಂದಾಗ ಸಿಟ್ಟು ಬಂತು. ಹರಿದುಹಾಕಬೇಕು ಅಂದುಕೊಂಡೆ. ಆಮೇಲೆ ಅಮ್ಮನ ಮುಖ ನೋಡಲು ಹೆದರಿಕೊಂಡು ಒಂದು ತಿಂಗಳು ಮನೆಯಲ್ಲಿ ಕಳ್ಳನ ಹಾಗೆ ಓಡಾಡಿದೆ.

ಹೋದ ಸೋಮವಾರ ಕೇಳಿದೆ. ಅಮ್ಮ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ನಾನು ಕೇಳಿದ್ದು ಇಷ್ಟೇ: "ಅಪ್ಪನ ಎಡಗಾಲಿಗೆ ಎಷ್ಟು ಬೆರಳಮ್ಮ?"

ಮೊರ ನಿಂತಿತು. "ನಾಕು," ಅಂದಳು. "ಗಾಡಿ ಚಕ್ರಕ್ಕೆ ಸಿಕ್ಕಿ ಒಂದು ಹೋಗಿತ್ತು." ಮೊರ ಕೆಳಗಿಟ್ಟು, "ಯಾರು ಹೇಳಿದ್ರು ನಿಂಗೆ?"

ಕಾರ್ಡನ್ನು ಮುಂದಿಟ್ಟೆ. ಅಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡು ತೆಗೆದುಕೊಂಡಳು. ಎದೆ ನೋಡಲಿಲ್ಲ, ಕರಡಿಗೆ ನೋಡಲಿಲ್ಲ. ಮುಖವನ್ನೇ ನೋಡಿದಳು. "ಹಿಂಗಿದ್ನಾ ಈ ಕೂಸು," ಅಂದಳು. ಆಮೇಲೆ ನಾಲ್ಕು ದಿನ ಸರಿಯಾಗಿ ಊಟ ಮಾಡಲಿಲ್ಲ. ಐದನೇ ದಿನ ಪೆನ್ನು ಕೇಳಿದಳು. ಏಳನೇ ಕ್ಲಾಸು ಓದಿದವಳು, ತಾನೇ ಬರೆದಳು. ಓದಿ ಅಂಟಿಸು ಅಂದಳು. ಓದಿದೆ.

ಚಾಚಾ, ನಾನು ನಿಮ್ಮ ಕಣ್ಣೆದುರು ಹೇಗೆ ನಿಲ್ಲಲಿ? ನೀವು ಮೊದಲು ಭಾಭಿಗೆ ಎಲ್ಲ ಹೇಳಿ, ಆಮೇಲೆ ಈ ಕಾಗದ ಕೊಡಿ. ಹನ್ನೊಂದನೇ ಕಾರ್ಡನ್ನೂ ಇಟ್ಟಿದ್ದೇನೆ. ಜೆರಾಕ್ಸ್ ಅಲ್ಲ, ಅದೇ. ಪೋಲೆಂಡಿನ ಅಜ್ಜಿಗೆ ಮಾತು ತಪ್ಪಿದೆ ಅಂತ ಬರೆದಿದ್ದೇನೆ. ಕಾರಣ ಬರೆದಿಲ್ಲ, ಅದು ಅವಳ ದೇಶದಲ್ಲಿ ಇನ್ನೊಂದು ಕಥೆಯಾಗುವುದು ನನಗೆ ಬೇಡ.

ಪ್ರಭುದೇವ್


ಕೊರಟಗೆರೆ
17 ಆಗಸ್ಟ್ 2024

ಅಫ್ಜಲುನ್ನೀಸಾ ಅವರಿಗೆ,

ನಾನು ಜಗದಾಂಬ. ತಾವರೆಕೆರೆ ಬಸವಲಿಂಗಯ್ಯನ ಹೆಂಡತಿ. ಕ್ಷೇಮ ಕೇಳಲು ನನಗೆ ಬಾಯಿಲ್ಲ.

ಅವರಿಗೆ ನಾಟಕದ ಹುಚ್ಚು. ಶೂಟಿಂಗ್ ಮುಗಿಯುವ ಹಿಂದಿನ ದಿನ ನನ್ನ ಹತ್ತಿರ ಹೇಳಿದರು, ನಾನು ಇವರ ಜೊತೆ ಹೋಗುತ್ತೇನೆ, ತಿರುಗಿ ಬರುವುದಿಲ್ಲ, ಹುಡುಕಬೇಡ ಅಂತ. ಕಾಲು ಹಿಡಿದೆ. ಕಾಲು ಬಿಡಿಸಿಕೊಂಡರು. ಯಾರಿಗೂ ಹೇಳಲಿಲ್ಲ ನಾನು. ನಾಲ್ಕು ದಿನ ಬಾಗಿಲ ಹತ್ತಿರ ಕೂತೆ.

ಐದನೇ ದಿನ ಕೆರೆಯಲ್ಲಿ ಹೆಣ ಸಿಕ್ಕಿದೆ, ಕರಡಿಗೆ ನಿಮ್ಮನೆಯದು ಅಂತ ಕರೆದುಕೊಂಡು ಹೋದರು. ಮೈ ತೊಳೆಯುವ ಸ್ಥಿತಿ ಇರಲಿಲ್ಲ. ಕಂಬಳಿಯಲ್ಲೇ ಸುತ್ತಿದ್ದರು. ಕಾಲು ಮಾತ್ರ ಹೊರಗಿತ್ತು. ಎಡಗಾಲು ನೋಡಿದೆ. ಐದೂ ಬೆರಳಿದ್ದವು.

ಪೊಲೀಸಿನವರು, ಇವರೇನಮ್ಮ ನಿನ್ನ ಯಜಮಾನರು ಅಂತ ಕೇಳಿದರು. ಅಕ್ಕಪಕ್ಕ ಇಪ್ಪತ್ತು ಜನ. ಅತ್ತೆ ಆಗಲೇ ಎದೆ ಬಡಿದುಕೊಂಡು ಅಳುತ್ತಿದ್ದಳು. ಅಲ್ಲ ಅಂದರೆ ನಾನು ಗಂಡ ಬಿಟ್ಟುಹೋದವಳು. ಹೌದು ಅಂದರೆ ಗಂಡ ಸತ್ತವಳು. ಗಂಡ ಬಿಟ್ಟುಹೋದವಳಿಗೆ ಆ ಮನೆಯಲ್ಲಿ ಒಲೆ ಮುಂದೆ ಜಾಗ ಇರಲಿಲ್ಲ, ಮಗನಿಗೆ ಹೊಲ ಇರಲಿಲ್ಲ. ಹೌದು ಅಂದೆ. ಬಳೆ ಒಡೆದರು.

ಯಾರ ಮಗನೋ, ಹೇಗೂ ಮಣ್ಣು ಸಿಗುತ್ತದಲ್ಲ ಅಂತ ಅವತ್ತು ಸಮಾಧಾನ ಮಾಡಿಕೊಂಡೆ. ಇದು ಅವತ್ತಿನ ತಪ್ಪು. ಇನ್ನೊಂದು ಇದೆ, ಅದನ್ನು ಮಗನಿಗೂ ಬಾಯಲ್ಲಿ ಹೇಳಲಿಲ್ಲ, ಇಲ್ಲೇ ಬರೆಯುತ್ತಿದ್ದೇನೆ.

ಮಾರನೆಯ ವರ್ಷ ನಮ್ಮ ಬಾವಿಗೆ ಕೊಡ ಬಿತ್ತು. ತೆಗೆಯುವ ಉಮರ್ ಸಾಬಿಯನ್ನು ಕರೆಯಿರಿ ಅಂದೆ. ಅವನೆಲ್ಲಿದ್ದಾನೆ, ಬಸುರಿ ಹೆಂಡತಿ ಬಿಟ್ಟು ಸಿನಿಮಾದವರ ಜೊತೆ ಓಡಿಹೋದ ಅಂದಳು ನೆರೆಮನೆಯ ಮುನಿಯಮ್ಮ. ಯಾವತ್ತು ಅಂತ ಕೇಳಿದೆ. ಹೇಳಿದಳು. ಕೈಯಲ್ಲಿದ್ದ ಹಗ್ಗ ಬಿದ್ದುಹೋಯಿತು. ಆವತ್ತಿಂದ ನನಗೆ ಗೊತ್ತು, ನಮ್ಮ ಹೊಲದಲ್ಲಿ ಯಾರಿದ್ದಾರೆ ಅಂತ. ಸಿರಾ ಎಷ್ಟು ದೂರ? ಬಸ್ಸಿನಲ್ಲಿ ಒಂದು ಗಂಟೆ. ಬರಲಿಲ್ಲ ನಾನು. ಬಾಯಿ ಮುಚ್ಚಿಕೊಂಡೆ. ಸಿರಾದ ಸಂತೆಗೂ ಹೋಗುವುದು ಬಿಟ್ಟೆ, ಬುರ್ಖಾ ಹಾಕಿದ ಹೆಂಗಸರನ್ನು ಕಂಡರೆ ಇವಳೇ ಇರಬಹುದು ಅಂತ ಭಯ.

ವರ್ಷವರ್ಷ ಎಡೆ ಇಟ್ಟಿದ್ದೇನೆ. ಎಲ್ಲರೂ ಹೋದ ಮೇಲೆ ಒಬ್ಬಳೇ ನಿಂತು, ಉಮರಪ್ಪ, ತಪ್ಪಾಯಿತು ಅನ್ನುತ್ತಿದ್ದೆ. ಅದು ನಿಮಗೆ ಹೇಳಬೇಕಿತ್ತು.

ಕ್ಷಮಿಸಿ ಅಂತ ಕೇಳುವುದಿಲ್ಲ. ಅಲ್ಲಿಂದ ತೆಗೆಸಿ ನಿಮ್ಮ ಜಾಗಕ್ಕೆ ಒಯ್ಯುವುದಾದರೆ ಎದುರು ನಿಂತು ಅಗೆಸಿಕೊಡುತ್ತೇನೆ. ಪೊಲೀಸಿಗೆ ಹೇಳು ಅಂದರೆ ಹೇಳುತ್ತೇನೆ. ನೀವು ಹೇಳಿದ ಹಾಗೆ.

ಜಗದಾಂಬ


ಸಿರಾ
7 ಸೆಪ್ಟೆಂಬರ್ 2024

ಜಗದಾಂಬ ಅವರಿಗೆ,

ನಾನು ತಮನ್ನಾ, ಅಫ್ಜಲುನ್ನೀಸಾ ಅವರ ಮೊಮ್ಮಗಳು. ಅಜ್ಜಿಗೆ ಬರೆಯಲು ಬರುವುದಿಲ್ಲ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದೇನೆ, ಒಂದು ಮಾತೂ ಬದಲಾಯಿಸಬಾರದು ಅಂದಿದ್ದಾರೆ.

ಜಗದಾಂಬ, ನಿನ್ ಕಾಗ್ದ ನಾಕ್ ಸಲ ಓದ್ಸಿ ಕೇಳ್ದೆ. ಮೊದ್ಲು ಸಲ ಏನೂ ತಿಳೀಲಿಲ್ಲ. ಎರಡ್ನೇ ಸಲ ನಿಂಗೆ ಶಾಪ ಹಾಕ್ದೆ, ಸುಳ್ ಯಾಕ್ ಹೇಳ್ಲಿ.

ಮಾಫ್ ಮಾಡೋದು ನನ್ ಕೈಲಾಗಲ್ಲ. ನಸ್ರು ಹೇಳ್ದ, ಹಜರತ್ ಹೇಳವ್ರೆ, ಇದ್ದತ್ ಆಗೋಗಿದೆ, ಕೂರಂಗಿಲ್ಲ ಅಂತ. ನಂಗೆ ಗೊತ್ತಾಗೋಕ್ ಮೊದ್ಲೇ ಮುಗ್ದೋಯ್ತಂತೆ. ನಲವತ್ಮೂರು ವರ್ಷ ಬಾಗ್ಲು ತೆಗ್ದಿಟ್ಟವಳಿಗೆ ಅಳೋಕೆ ನಾಕ್ ತಿಂಗ್ಳು ಹತ್ ದಿನಾನೂ ನೀನು ಉಳಿಸ್ಲಿಲ್ಲ. ಗಂಡನ್ನ ನೀರು ತಗೊಂತು. ಆ ದಿನಗಳ್ನ ತಗೊಂಡವಳು ನೀನು.

ಹಜರತ್ ಏನಾರ ಅನ್ಲಿ, ನಾನ್ ಕೂತಿದೀನಿ. ಲಚ್ಚಾ ಬಿಚ್ಚಿದೀನಿ. ಒಳಗಿನ್ ಚಿಲ್ಕ ಹಾಕಿದೀನಿ, ಫಸ್ಟ್ ಟೈಮು. ಜನವರಿ ಗಂಟ ಹೊಸ್ಲು ದಾಟಲ್ಲ.

ನಸ್ರು ಅಳ್ತಾ ಕೂತವ್ನೆ, ಮಣ್ಣು ತೆಗ್ಸಿ ಕಬರಸ್ತಾನಕ್ ತರಾಣ ಅಂತಾನೆ. ಬ್ಯಾಡ ಅಂದೆ. ಕೂರ್ಸಿದೀರಂತೆ. ನಂದೂ ಅಂಗೇ, ನಾನೂ ಇಲ್ಲಿ ಕೂತೇ ಇದ್ದೆ. ಮತ್ತೆ ಎಬ್ಬಿಸ್ಬ್ಯಾಡಿ. ಪೊಲೀಸೂ ಬ್ಯಾಡ.

ಕಾರ್ಡು ಬಂತು. ಮೂವತ್ತು ವರ್ಷದ ಹುಡುಗ ಕಣೆ. ನನ್ ಮೊಮ್ಮಗಳಿಗೆ ಅಣ್ಣ ಆಗ್ಬೇಕು ಅಂಗವ್ನೆ. ನಾನು ಅವ್ರ ಜೊತೆ ಮುದುಕಿ ಆಗಿದೀನಿ ಅಂದ್ಕೊಂಡಿದ್ದೆ. ನಿನ್ ಮಗಂಗೆ ಹೇಳು, ವಾಪಸ್ ಕೊಡಲ್ಲ.

ಒಂದ್ ಕೆಲ್ಸ ಮಾಡು. ನಾನ್ ಬರಂಗಿಲ್ಲ, ನೀನೇ ಬಾ. ಶುಕ್ರವಾರ ಬ್ಯಾಡ, ಮನೆ ತುಂಬ ಜನ ಇರ್ತಾರೆ. ಕಾಲು ಹಿಡಿಯಾಕೆ ಬರಬ್ಯಾಡ, ಅಳಾಕೂ ಬರಬ್ಯಾಡ. ನಂಗೆ ಒಂದೇ ಬೇಕಾಗಿರೋದು. ಅವ್ರು ಮನೆಯಿಂದ ಹೋದ್ಮೇಲೆ ಅವ್ರನ್ನ ಸರಿಯಾಗ್ ನೋಡ್ದೋಳು, ಇದು ಯಾರೋ ಬ್ಯಾರೆ ಅಂತ ತಿಳ್ಕೊಂಡೋಳು, ಈ ದುನಿಯಾದಾಗೆ ನೀನೊಬ್ಬಳೇ. ಐದೂ ಬೆರಳಿದ್ವು ಅಂದ್ಯಲ್ಲ.

ಬಾ. ಬಂದು ಕೂತ್ಕೊಂಡು ಹೇಳು, ಅವ್ರ ಕಾಲು ಹೆಂಗಿತ್ತು ಅಂತ.

ಅಫ್ಜಲುನ್ನೀಸಾ
ಉಮರ್ ಅವ್ರ ಹೆಂಡ್ತಿ